ಸಣ್ಣ ವಿಮಾನಗಳು ಬೀಳುವುದೇಕೆ: ಹಿಂದಿನ ರಾತ್ರಿಯಿಂದ ಇಂಜಿನ್ ಆರಿಸುವ ತನಕ ಹಂತಹಂತವಾಗಿ

ಒಂದೇ ಇಂಜಿನ್ನಿನ, ನಾಲ್ಕು ಸೀಟಿನ ವಿಮಾನ ಎಲ್ಲೋ ಹೊಲಕ್ಕೆ ಬಿತ್ತೆಂದು ಸುದ್ದಿ ಬಂದರೆ ಜನ ಮೊದಲು ಆಡುವ ಮಾತು ‘ಇಂಜಿನ್ ಕೈಕೊಟ್ಟಿರಬೇಕು’ ಎಂಬುದು. ತಿಂಗಳುಗಳ ಮೇಲೆ ತನಿಖಾ ವರದಿ ಬರುತ್ತದೆ. ಇಂಜಿನ್ ನಿಂತದ್ದು ನಿಜವೇ ಆಗಿರುತ್ತದೆ, ಆದರೆ ಟ್ಯಾಂಕಿನಲ್ಲಿ ಇಂಧನವಿರಲಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಇಲ್ಲವೇ ಒಂದು ಟ್ಯಾಂಕ್ ತುಂಬಿದ್ದು, ಕವಾಟ ಮಾತ್ರ ಖಾಲಿ ಟ್ಯಾಂಕಿನ ಕಡೆಗೆ ತಿರುಗಿರುತ್ತದೆ. ಅದೂ ಅಲ್ಲದಿದ್ದರೆ ಇಂಜಿನ್ ಕೊನೆಯ ಕ್ಷಣದವರೆಗೂ ಚೆನ್ನಾಗಿಯೇ ಓಡುತ್ತಿದ್ದು, ಮೋಡದೊಳಗೆ ಪೈಲಟ್‌ಗೆ ಮೇಲು ಕೆಳಗು ತಿಳಿಯದೆ ಹೋಗಿರುತ್ತದೆ.

ಈ ಅಪಘಾತಗಳಲ್ಲಿ ಬಹುಪಾಲು ಹುಟ್ಟುವುದು ನೆಲದ ಮೇಲೆ. ಆಕಾಶದಲ್ಲಿ ನಮಗೆ ಕಾಣುವುದು ಅವುಗಳ ಕೊನೆಯ ಅರ್ಧ ನಿಮಿಷ. ಅದಕ್ಕಾಗಿ ಈ ಮಾರ್ಗದರ್ಶಿಯನ್ನು ಕಾರಣಗಳ ಪಟ್ಟಿಯಾಗಿ ಬರೆಯದೆ, ಹಾರಾಟ ಸಾಗುವ ಕ್ರಮದಲ್ಲೇ ಬರೆದಿದ್ದೇವೆ. ಲೆಕ್ಕಕ್ಕೆ ಸೆಸ್ನಾ 172ಎಸ್ ವಿಮಾನವನ್ನು ಇಟ್ಟುಕೊಂಡಿದ್ದೇವೆ. ನೀವು ಹಾರಿಸುವುದು ಬೇರೆ ವಿಮಾನವಾದರೆ ಅದರ ಕೈಪಿಡಿಯಲ್ಲಿರುವ ಅಂಕಿಗಳನ್ನೇ ಹಿಡಿಯಿರಿ.

ಹಿಂದಿನ ರಾತ್ರಿ: ನಿಮ್ಮ ದೇಹ, ನಾಳಿನ ಆಕಾಶ

ಮದ್ಯದ ವಿಚಾರದಲ್ಲಿ ಭಾರತದ ನಿಯಮ ಸ್ಪಷ್ಟವಾಗಿದೆ. ಹಾರಾಟಕ್ಕೆ ಮುಂಚಿನ 12 ಗಂಟೆ ಒಂದು ಹನಿಯೂ ಇಲ್ಲ. ಅಮೆರಿಕದಲ್ಲಿ ಈ ಅವಧಿ 8 ಗಂಟೆ. ಆದರೆ ಕುಡಿತಕ್ಕಿಂತ ಸದ್ದಿಲ್ಲದೆ ಕೆಲಸ ಮಾಡುವುದು ನೆಗಡಿ ಮಾತ್ರೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುವ ಅಲರ್ಜಿ, ಶೀತದ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಅಮೆರಿಕದಲ್ಲಿ ಅಪಘಾತದಲ್ಲಿ ಸತ್ತ ಪೈಲಟ್‌ಗಳ ರಕ್ತ ಪರೀಕ್ಷೆಗಳಲ್ಲಿ ಡೈಫೆನ್‌ಹೈಡ್ರಮೀನ್ ಎಂಬ ಅಂಥದೊಂದು ಔಷಧ ಮತ್ತೆ ಮತ್ತೆ ಸಿಕ್ಕಿದೆ. ಮಾತ್ರೆ ನುಂಗಬೇಕಾದಷ್ಟು ನೆಗಡಿಯಿದ್ದರೆ ನಾಳೆ ಹಾರಬೇಡಿ. ಕಟ್ಟಿದ ಮೂಗಿನಲ್ಲಿ ಎತ್ತರದಿಂದ ಇಳಿಯುವಾಗ ಕಿವಿ ನೋವೂ ತಡೆಯಲಾಗದಷ್ಟಾಗಬಹುದು.

ಎರಡನೆಯ ಕೆಲಸ, ಹವಾಮಾನ ವರದಿ ನೋಡಿ ನಾಳಿನ ಗೆರೆಗಳನ್ನು ಕಾಗದದ ಮೇಲೆ ಬರೆದಿಡುವುದು. ‘ಮೋಡದ ತಳ ಇಷ್ಟು ಅಡಿಗಿಂತ ಕೆಳಗಿದ್ದರೆ ಹೊರಡುವುದಿಲ್ಲ, ಅಡ್ಡಗಾಳಿ ಇಷ್ಟು ನಾಟ್ ಮೀರಿದರೆ ಇಳಿಯಲು ಯತ್ನಿಸುವುದಿಲ್ಲ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಚಕ್ರ ನೆಲದ ಮೇಲಿರಬೇಕು’ ಎಂದು ಅಂಕಿ ಸಮೇತ ಬರೆಯಿರಿ. ರಾತ್ರಿಯೇ ಏಕೆ ಬರೆಯಬೇಕು? ಬೆಳಿಗ್ಗೆ ವಿಮಾನದ ಪಕ್ಕದಲ್ಲಿ ನೆಂಟರು ಚೀಲ ಹಿಡಿದು ನಿಂತಿರುತ್ತಾರೆ, ಅತ್ತ ಕಡೆ ಮದುವೆ ಮುಹೂರ್ತ ಹತ್ತಿರವಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ಎಂಥವರ ಗೆರೆಯೂ ಸ್ವಲ್ಪ ಸ್ವಲ್ಪ ಜರುಗುತ್ತದೆ. ಬರೆದಿಟ್ಟ ಅಂಕಿ ಜರುಗುವುದಿಲ್ಲ.

1996ರ ಏಪ್ರಿಲ್ 11ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಷಯೆನ್ ನಗರದಲ್ಲಿ ಬಿದ್ದ ಸೆಸ್ನಾ 177 ಇಂಥ ಒತ್ತಡಕ್ಕೆ ತುತ್ತಾದ ವಿಮಾನ. ಏಳು ವರ್ಷದ ಬಾಲಕಿಯೊಬ್ಬಳು ಖಂಡವನ್ನು ಅಡ್ಡ ಹಾರುವಳೆಂದು ಪತ್ರಿಕೆ, ಟೀವಿಗಳು ಕಾದಿದ್ದವು. ವಿಮಾನ ಹಾರಿಸುವ ಹೊಣೆಯಿದ್ದ ಪೈಲಟ್ ಗುಡುಗುಮಳೆ ಕವಿಯುತ್ತಿದ್ದಾಗಲೇ ಹೊರಟರು. ತೂಕ ಮಿತಿ ಮೀರಿತ್ತು, ಆ ಊರೋ ಸಮುದ್ರಮಟ್ಟದಿಂದ 6,000 ಅಡಿಗೂ ಮೇಲಿದೆ. ಮಳೆ, ತೂಕ, ಎತ್ತರ ಇವುಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ವಿಮಾನ ತಡೆದುಕೊಳ್ಳುತ್ತಿತ್ತೇನೋ, ಮೂರೂ ಕೂಡಿದಾಗ ಏರಿದ ಕೆಲವೇ ಕ್ಷಣಗಳಲ್ಲಿ ಸ್ಟಾಲ್ ಆಯಿತು, ಅಂದರೆ ರೆಕ್ಕೆಯ ಎತ್ತುವ ಬಲ ಒಮ್ಮೆಲೇ ಕುಸಿಯಿತು. ವಿಮಾನದಲ್ಲಿದ್ದ ಮೂವರೂ ತೀರಿಕೊಂಡರು.

ತೂಕ ಮತ್ತು ಇಂಧನ: ಒಂದೇ ಕಾಗದದ ಮೇಲೆ

ಇವೆರಡರ ಲೆಕ್ಕವನ್ನು ಬೇರೆ ಬೇರೆ ಮಾಡುವುದೇ ಮೊದಲ ತಪ್ಪು. ನಾಲ್ಕು ಸೀಟಿದೆ ಎಂದಮಾತ್ರಕ್ಕೆ ನಾಲ್ಕು ಜನ ಕೂತು, ಟ್ಯಾಂಕನ್ನೂ ಪೂರ್ತಿ ತುಂಬಿಸಿಕೊಂಡು ಹೋಗಬಹುದು ಎಂದಲ್ಲ. ಲೆಕ್ಕ ಹೀಗೆ ಹಾಕಬೇಕು:

1. 172ಎಸ್ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 1,157 ಕೆ.ಜಿ. (2,550 ಪೌಂಡ್). ನಿಮ್ಮ ವಿಮಾನದ ಖಾಲಿ ತೂಕ ಅದರ ತೂಕಪತ್ರದಲ್ಲಿರುತ್ತದೆ. 762 ಕೆ.ಜಿ. ಎಂದಿಟ್ಟುಕೊಳ್ಳೋಣ. ಉಳಿಯುವುದು 395.

2. ತಲಾ 75 ಕೆ.ಜಿ.ಯ ನಾಲ್ವರಿಗೆ 300. ಚೀಲಗಳಿಗೆ 20. ಇಂಧನಕ್ಕೆ ಉಳಿಯುವುದು 75 ಕೆ.ಜಿ. ಅವ್‌ಗ್ಯಾಸ್ (ಸಣ್ಣ ವಿಮಾನಗಳ ಪೆಟ್ರೋಲ್) ಲೀಟರಿಗೆ ಸುಮಾರು 0.72 ಕೆ.ಜಿ. ತೂಗುತ್ತದೆ, ಅಂದರೆ ಸುಮಾರು 104 ಲೀಟರ್. ಟ್ಯಾಂಕುಗಳಲ್ಲಿ ಬಳಸಬಹುದಾದ ಇಂಧನಕ್ಕೆ ಜಾಗವಿರುವುದು 201 ಲೀಟರಿಗೆ.

3. ಈಗ ದಾರಿಯ ಲೆಕ್ಕ. ಬೆಂಗಳೂರಿನ ಜಕ್ಕೂರು ವಿಮಾನನೆಲೆಯಿಂದ ಬೆಳಗಾವಿಗೆ ನೇರ ದೂರ ಸುಮಾರು 240 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿ.ಮೀ., ಗಂಟೆಗೆ ಅಷ್ಟು ಸಾಗಿದರೆ ಒಂದು ನಾಟ್). ಗಾಳಿಯಿಲ್ಲದ ದಿನ 110 ನಾಟ್ ವೇಗದಲ್ಲಿ ಎರಡು ಗಂಟೆ ಹತ್ತು ನಿಮಿಷ. ಮಳೆಗಾಲದ ಪಡುವಣ ಗಾಳಿ 20 ನಾಟ್‌ನಷ್ಟು ಎದುರು ಬೀಸಿದರೆ ನೆಲದ ಮೇಲಿನ ವೇಗ 90ಕ್ಕೆ ಇಳಿದು ಎರಡು ಗಂಟೆ ನಲವತ್ತು ನಿಮಿಷವಾಗುತ್ತದೆ. ಗಂಟೆಗೆ 34 ಲೀಟರಿನಂತೆ 91 ಲೀಟರ್.

4. ಇಂಜಿನ್ ಹಚ್ಚಿ ನೆಲದ ಮೇಲೆ ಸಾಗಿ ಮೇಲೇರುವುದಕ್ಕೆ 8. ಬೆಳಗಾವಿಯಲ್ಲಿ ಇಳಿಯಲಾಗದೆ ಹುಬ್ಬಳ್ಳಿಗೆ ತಿರುಗಬೇಕಾದರೆ 17. ಕೈಮುಟ್ಟದ ಮೀಸಲು ಒಂದು ಗಂಟೆಯದು, 34. ಒಟ್ಟು 150 ಲೀಟರ್.

ಬೇಕಾದದ್ದು 150, ಹೊರಬಹುದಾದದ್ದು 104. ನಾಲ್ವರಿಗೆ ಈ ಪ್ರಯಾಣ ಒಂದೇ ಹಾರಾಟದಲ್ಲಿ ಆಗುವುದಿಲ್ಲ. ಒಬ್ಬರು ಬಸ್ಸು ಹತ್ತಬೇಕು, ಇಲ್ಲವೇ ನಡುವೆ ಎಲ್ಲಾದರೂ ಅವ್‌ಗ್ಯಾಸ್ ಸಿಗುವ ಕಡೆ ಇಳಿಯಬೇಕು, ಅಲ್ಲಿ ಸಿಗುವುದೇ ಎಂದು ಮುಂಚೆಯೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಈ ನಾಲ್ಕು ಸಾಲಿನ ಲೆಕ್ಕ ಹಾಕದವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಟ್ಯಾಂಕ್ ತುಂಬಿಸಿ ರನ್‌ವೇ ತುದಿಯ ಮರಗಳನ್ನು ದಾಟಲಾರದೆ ಹೋಗುತ್ತಾರೆ, ಇಲ್ಲವೇ ಇಂಧನ ಇಳಿಸಿ ಊರಿಗೆ ಹತ್ತು ಮೈಲಿ ಇರುವಾಗ ಹೊಲಕ್ಕಿಳಿಯುತ್ತಾರೆ.

ಗಂಟೆಗೆ 34 ಲೀಟರ್ ಎಂಬ ಅಂಕಿಗೂ ಷರತ್ತಿದೆ. ಮೇಲೇರಿ ಸಮನಾಗಿ ಹಾರತೊಡಗಿದ ಮೇಲೆ ಗಾಳಿಗೆ ಬೆರೆಯುವ ಇಂಧನವನ್ನು ಹೊಂದಿಸುವ ಮಿಕ್ಸ್ಚರ್ ಗುಂಡಿಯನ್ನು ಹಿಂದಕ್ಕೆಳೆದು ಲೀನ್ ಮಾಡಿದರೆ, ಅಂದರೆ ಇಂಧನದ ಪಾಲು ತಗ್ಗಿಸಿದರೆ ಮಾತ್ರ ಅದು ನಿಜ. ಎತ್ತರದಲ್ಲೂ ಪೂರ್ತಿ ರಿಚ್ (ಇಂಧನದ ಪಾಲು ಗರಿಷ್ಠ) ಇಟ್ಟುಕೊಂಡು ಹಾರಿದವರು ಪುಸ್ತಕದ ಅಂಕಿಯನ್ನು ನಂಬಿ ಮೋಸಹೋಗುತ್ತಾರೆ.

ತೂಕ ಎಲ್ಲಿ ಕೂತಿದೆ ಎಂಬುದೂ ಎಷ್ಟಿದೆ ಎಂಬುದರಷ್ಟೇ ಮುಖ್ಯ. ಹಿಂದಿನ ಸೀಟಿನಲ್ಲಿ ದಢೂತಿ ಜನ, ಅದರ ಹಿಂದೆ ಲಗೇಜು ತುಂಬಿದರೆ ಭಾರಕೇಂದ್ರ ಹಿಂದಕ್ಕೆ ಜರುಗುತ್ತದೆ. ಆಗ ಮೂಗು ತಾನಾಗಿ ಮೇಲೇಳುತ್ತದೆ, ಸ್ಟಾಲ್ ಆದ ಮೇಲೆ ಅದನ್ನು ತಗ್ಗಿಸಲು ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಗೆ ಬಲ ಸಾಲುವುದಿಲ್ಲ. 172ಎಸ್‌ನಲ್ಲಿ ಲಗೇಜಿನ ಜಾಗದ ಮಿತಿ 54 ಕೆ.ಜಿ. ಕೈಪಿಡಿಯ ನಕ್ಷೆಯಲ್ಲಿ ನಿಮ್ಮ ಚುಕ್ಕೆ ಚೌಕಟ್ಟಿನೊಳಗೆ ಬೀಳುತ್ತದೆಯೇ ಎಂದು ಪ್ರತಿ ಸಲವೂ ನೋಡಿ. ಇಂಧನ ಖರ್ಚಾದ ಮೇಲಿನ ಚುಕ್ಕೆಯನ್ನೂ ಹಾಕಿ.

ವಿಮಾನದ ಸುತ್ತ ಹದಿನೈದು ನಿಮಿಷ

ಗೇಜನ್ನು ನಂಬಿ ಹೊರಡಬೇಡಿ. ರೆಕ್ಕೆ ಹತ್ತಿ ಮುಚ್ಚಳ ತೆಗೆದು ಅಳತೆಕಡ್ಡಿ ಇಳಿಸಿ ನೋಡಿ. ಮುಚ್ಚಳ ಹಾಕುವಾಗ ಅದರ ರಬ್ಬರ್ ವಾಷರ್ ಬಿರುಕುಬಿಟ್ಟಿದೆಯೇ ಎಂದು ಗಮನಿಸಿ. ಮಳೆಗಾಲದಲ್ಲಿ ಹೊರಗೆ ನಿಂತ ವಿಮಾನದ ಟ್ಯಾಂಕಿಗೆ ನೀರು ಹೋಗುವ ದಾರಿ ಅದೇ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವವೂ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ.

ನೀರು ಅವ್‌ಗ್ಯಾಸಿಗಿಂತ ಭಾರ, ತಳಕ್ಕಿಳಿಯುತ್ತದೆ. ತಳದಲ್ಲಿರುವ ಕವಾಟಗಳಿಂದ ಪಾರದರ್ಶಕ ಲೋಟಕ್ಕೆ ಇಂಧನ ಹಿಡಿದು ನೋಡುವುದು ಅದಕ್ಕಾಗಿ. 172ಎಸ್‌ನಲ್ಲಿ ಇಂಥ ಕವಾಟಗಳು 13: ಒಂದೊಂದು ರೆಕ್ಕೆಯಡಿ ಐದು, ಇಂಜಿನ್ನಿನ ಕಡೆ ಮೂರು. ಹದಿಮೂರನ್ನೂ ನೋಡಬೇಕು. ಇಲ್ಲಿ ಅನುಭವಿಗಳೂ ಎಡವುವ ಜಾಗವೊಂದಿದೆ. ಲೋಟದಲ್ಲಿ ನೀರು ಮತ್ತು ಇಂಧನ ಎರಡೂ ಇದ್ದರೆ ನಡುವೆ ಗೆರೆ ಕಾಣುತ್ತದೆ, ಗುಳ್ಳೆಗಳು ಕಾಣುತ್ತವೆ. ಲೋಟದ ತುಂಬ ಬರೀ ನೀರೇ ಇದ್ದರೆ ಗೆರೆಯೇ ಇರುವುದಿಲ್ಲ, ‘ಶುದ್ಧವಾಗಿದೆ’ ಎಂದು ಚೆಲ್ಲಿ ಮುಂದೆ ಹೋಗುತ್ತಾರೆ. 100ಎಲ್‌ಎಲ್ ಅವ್‌ಗ್ಯಾಸಿಗೆ ತಿಳಿನೀಲಿ ಬಣ್ಣವಿದೆ. ಲೋಟವನ್ನು ಬಿಳಿ ರೆಕ್ಕೆಯ ಎದುರು ಹಿಡಿದು ನೀಲಿ ಕಾಣುತ್ತದೆಯೇ ನೋಡಿ, ಮೂಸಿ. ಮೊದಲ ಲೋಟದಲ್ಲಿ ನೀರು ಸಿಕ್ಕರೆ ರೆಕ್ಕೆಗಳನ್ನು ಮೆಲ್ಲಗೆ ಅಲುಗಾಡಿಸಿ ಮತ್ತೆ ಹಿಡಿಯಿರಿ. ನೀರು ಬರುವುದು ನಿಲ್ಲುವ ತನಕ ಹೊರಡುವಂತಿಲ್ಲ.

ಬಣ್ಣವೇ ಇಲ್ಲದಿದ್ದರೆ, ಸೀಮೆಎಣ್ಣೆಯ ವಾಸನೆಯಿದ್ದರೆ, ಅದು ಜೆಟ್ ಇಂಧನ. ಈಗ ಹಲವು ತರಬೇತಿ ಶಾಲೆಗಳ ಅಂಗಳದಲ್ಲಿ ಜೆಟ್ ಇಂಧನ ಕುಡಿಯುವ ಡೀಸೆಲ್ ವಿಮಾನಗಳೂ ಅವ್‌ಗ್ಯಾಸ್ ವಿಮಾನಗಳೂ ಅಕ್ಕಪಕ್ಕ ನಿಲ್ಲುವುದರಿಂದ ಈ ಅದಲುಬದಲು ದೂರದ ಮಾತಲ್ಲ. ಕೊಳವೆಗಳಲ್ಲಿ ಉಳಿದ ಹಳೆಯ ಅವ್‌ಗ್ಯಾಸಿನ ಮೇಲೆ ಇಂಜಿನ್ ಹಚ್ಚಿಕೊಳ್ಳುತ್ತದೆ, ನೆಲದ ಮೇಲೆ ಸರಿಯಾಗಿಯೇ ಓಡುತ್ತದೆ, ನೆಲ ಬಿಟ್ಟ ಮೇಲೆ ಒಡೆಯುತ್ತದೆ. ಅನುಮಾನ ಬಂದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಅವ್‌ಗ್ಯಾಸ್ ಆರಿಹೋಗುತ್ತದೆ, ಜೆಟ್ ಇಂಧನ ಎಣ್ಣೆಕಲೆ ಬಿಡುತ್ತದೆ. ಇಂಧನ ತುಂಬಿಸುವಾಗ ಪಕ್ಕದಲ್ಲೇ ನಿಂತಿರಿ.

ಉಳಿದವನ್ನು ಬೇಗ ಹೇಳುತ್ತೇವೆ. ವೇಗ ಅಳೆಯುವ ಪಿಟಾಟ್ ಕೊಳವೆಯ ಮುಸುಕು ತೆಗೆಯಿರಿ, ಅದರೊಳಗೆ ಕಣಜ ಮಣ್ಣು ಮೆತ್ತಿದೆಯೇ ನೋಡಿ. ಇಂಜಿನ್ ಮುಚ್ಚಿಗೆಯೊಳಗೆ ಗುಬ್ಬಿ ಗೂಡು ಕಟ್ಟಲು ಅರ್ಧ ದಿನ ಸಾಕು. ಸ್ಟೀರಿಂಗಿನ ಲಾಕ್ ಪಿನ್ ಕಿತ್ತು ಕಣ್ಣಿಗೆ ಬೀಳುವ ಕಡೆ ಇಡಿ. ಅದನ್ನು ತೆಗೆಯದೆ ಓಡಿಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಪ್ರೊಪೆಲರನ್ನು ಕೈಯಿಂದ ತಿರುಗಿಸುವ ಚಟ ಬೇಡ, ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಒಂದು ತಂತಿ ಕಡಿದಿದ್ದರೆ ಕೀ ಇಲ್ಲದೆಯೂ ಇಂಜಿನ್ ಒಮ್ಮೆ ಸಿಡಿದೇಳಬಹುದು.

ರಿಪೇರಿಯಿಂದ ಬಂದ ವಿಮಾನಕ್ಕೆ ದುಪ್ಪಟ್ಟು ಎಚ್ಚರ ಬೇಕು. ಕೇಬಲ್‌ಗಳನ್ನು ತಿರುಗುಮುರುಗು ಜೋಡಿಸಿದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಿದಾಗ ವಿಮಾನ ಎಡಕ್ಕೆ ವಾಲುತ್ತದೆ. ‘ಎಲ್ಲ ಸಲೀಸಾಗಿ ಆಡುತ್ತಿದೆ’ ಎಂದಷ್ಟೇ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಹೆಬ್ಬೆರಳು ಮೇಲೆ ಮಾಡಿ ಸ್ಟೀರಿಂಗ್ ಹಿಡಿದು ತಿರುಗಿಸಿ. ಹೆಬ್ಬೆರಳು ಯಾವ ಕಡೆ ವಾಲಿತೋ ಆ ಕಡೆಯ ಏಲೆರಾನ್ (ರೆಕ್ಕೆಯ ಹಿಂದಂಚಿನ ಆಡುವ ಹಲಗೆ) ಮೇಲೆದ್ದಿರಬೇಕು.

ನೆಲ ಬಿಡುವ ಮುನ್ನ

ಸೀಟನ್ನು ಮುಂದೆ ಸರಿಸಿದ ಮೇಲೆ ಮೈಭಾರ ಹಾಕಿ ಹಿಂದೆ ಮುಂದೆ ಜಗ್ಗಿ, ಪಿನ್ ತೂತಿನಲ್ಲಿ ಕೂತಿದೆಯೇ ನೋಡಿ. ಹಳೆಯ ಸೆಸ್ನಾಗಳಲ್ಲಿ ಹಳಿ ಸವೆದಿದ್ದರೆ, ಮೂಗೆತ್ತಿ ಏರುವ ಹೊತ್ತಿಗೆ ಸೀಟು ಜಾರಿ ಹಿಂದಕ್ಕೆ ಹೋಗುತ್ತದೆ. ಕೈಯಲ್ಲಿ ಹಿಡಿದ ಸ್ಟೀರಿಂಗನ್ನೇ ಆಸರೆಯಾಗಿ ಎಳೆದುಕೊಂಡು ಹಿಂದೆ ಬೀಳುವ ಪೈಲಟ್ ಸ್ವತಃ ವಿಮಾನವನ್ನು ಸ್ಟಾಲ್ ಮಾಡಿಸುತ್ತಾನೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1987ರಲ್ಲೇ ಈ ಹಳಿಗಳ ತಪಾಸಣೆಗೆ ಕಡ್ಡಾಯ ಆದೇಶ ಹೊರಡಿಸಿದೆ.

ಇಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುವಾಗ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ಆರಿಸಿ ಪರೀಕ್ಷಿಸಿ. ಇಳಿತ 150 ಸುತ್ತು ಮೀರಬಾರದು, ಎರಡರ ನಡುವಿನ ಅಂತರ 50 ಮೀರಬಾರದು. ಇಳಿತವೇ ಇಲ್ಲದಿದ್ದರೆ ಖುಷಿಪಡಬೇಡಿ, ಮ್ಯಾಗ್ನೆಟೋ ಆರುತ್ತಿಲ್ಲ ಎಂದರ್ಥ.

ಈಗ ಗಾಳಿಯ ಸಾಂದ್ರತೆ. ಜಕ್ಕೂರಿರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಆ ಎತ್ತರಕ್ಕೆ ಪ್ರಮಾಣ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಅದಕ್ಕಿಂತ 26 ಡಿಗ್ರಿ ಹೆಚ್ಚು. ಒಂದೊಂದು ಡಿಗ್ರಿಗೆ 120 ಅಡಿಯಂತೆ 3,120 ಅಡಿ ಕೂಡಿಸಿ. ನಿಮ್ಮ ವಿಮಾನ 6,100 ಅಡಿಯ ಗಾಳಿಯಲ್ಲಿ ನಿಂತಿದೆ. ಟರ್ಬೋ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಆ ಲೆಕ್ಕದಲ್ಲಿ 180 ಅಶ್ವಶಕ್ತಿ 150ಕ್ಕೂ ಕೆಳಗಿಳಿದಿದೆ. ಪ್ರೊಪೆಲರಿನ ಎಳೆತ, ರೆಕ್ಕೆಯ ಎತ್ತುವ ಬಲ ಎರಡೂ ಕಡಿಮೆ. ಮೀಟರಿನಲ್ಲಿ 55 ನಾಟ್ ಕಂಡಾಗ ನಿಜವೇಗ 60. ಓಟ ಉದ್ದವಾಗುತ್ತದೆ, ಏರುವ ವೇಗ ಮೂರರಲ್ಲೊಂದು ಪಾಲಿಗೂ ಹೆಚ್ಚು ಕುಸಿಯುತ್ತದೆ. ಸಮುದ್ರದಂಚಿನ ಊರಲ್ಲಿ ಕಲಿತು ಬಂದವರ ಕಣ್ಣಂದಾಜು ಇಲ್ಲಿ ಕೈಕೊಡುವುದು ಇದರಿಂದಲೇ. ಅಂಥ ದಿನ ಬೆಳಿಗ್ಗೆ ಎಂಟರೊಳಗೆ ಹೊರಡಿ, ಭಾರ ಇಳಿಸಿ. 3,000 ಅಡಿಗಿಂತ ಮೇಲಿನ ರನ್‌ವೇಗಳಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ನಿಂತಲ್ಲೇ ಗರಿಷ್ಠ ಸುತ್ತು ಸಿಗುವಂತೆ ಮಿಕ್ಸ್ಚರ್ ಲೀನ್ ಮಾಡಬೇಕು. ‘ನೆಲ ಬಿಡುವಾಗ ಯಾವಾಗಲೂ ಪೂರ್ತಿ ರಿಚ್’ ಎಂಬ ಬಾಯಿಪಾಠ ಸಮುದ್ರಮಟ್ಟದ್ದು.

ರನ್‌ವೇಯ ನಡುಭಾಗಕ್ಕೆ ಒಂದು ಗುರುತು ಇಟ್ಟುಕೊಳ್ಳಿ, ಗಾಳಿಚೀಲವೋ ದೀಪದ ಕಂಬವೋ ಆಗಬಹುದು. ಅಲ್ಲಿಗೆ ಬರುವಷ್ಟರಲ್ಲಿ ಮೂಗೆತ್ತುವ ವೇಗವಾದ 55 ನಾಟ್‌ನ ಶೇ. 70, ಅಂದರೆ 39 ನಾಟ್ ಬಂದಿರದಿದ್ದರೆ ಥ್ರಾಟಲ್ ಎಳೆದು ಬ್ರೇಕ್ ಹಾಕಿ. ಕಾರಣವನ್ನು ಆಮೇಲೆ ಹುಡುಕಬಹುದು. ಓಟದಲ್ಲಿ ಬಾಗಿಲು ತೆರೆದುಕೊಂಡು ನೆಲ ಬಿಟ್ಟಾಗಿದ್ದರೆ ಮಾತ್ರ ಅದನ್ನು ಹಾಗೇ ಬಿಡಿ. ತೆರೆದ ಬಾಗಿಲಿನಿಂದ ಸದ್ದಾಗುತ್ತದೆ, ವಿಮಾನ ಹಾರುತ್ತಲೇ ಇರುತ್ತದೆ. ಅದನ್ನು ಮುಚ್ಚಲು ಬಾಗಿದವರೇ ಬಿದ್ದಿರುವುದು.

ಏರುವಾಗ ಇಂಜಿನ್ ನಿಂತರೆ

2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಮತ್ತು ಇತರ ಮೂವರಿದ್ದ ಸಣ್ಣ ವಿಮಾನ ಜಕ್ಕೂರಿನಿಂದ ಏರಿದ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣಕ್ಕೆ ಬಿದ್ದುದನ್ನು ಕನ್ನಡಿಗರು ಮರೆತಿಲ್ಲ. ಕಾರಣ ಏನೇ ಇರಲಿ, ಏರುವ ಆ ಮೊದಲ ನಿಮಿಷದಲ್ಲಿ ಪೈಲಟ್ ಬಳಿ ಎತ್ತರವೂ ಇರುವುದಿಲ್ಲ, ವೇಗವೂ ಇರುವುದಿಲ್ಲ. ಯೋಚಿಸಲು ಹೊತ್ತೂ ಇಲ್ಲ. ಹಾಗಾಗಿ ಯೋಚನೆಯನ್ನು ರನ್‌ವೇ ಪ್ರವೇಶಿಸುವ ಮುಂಚೆಯೇ ಮುಗಿಸಿ, ಬಾಯಿಬಿಟ್ಟು ಹೇಳಿಕೊಳ್ಳಬೇಕು: ‘ರನ್‌ವೇ ಉಳಿದಿದ್ದರೆ ಅದರ ಮೇಲೆಯೇ ಇಳಿಯುತ್ತೇನೆ. ಉಳಿದಿಲ್ಲದಿದ್ದರೆ ಎದುರಿಗೆ, ಎಡಬಲ 30 ಡಿಗ್ರಿಯೊಳಗೆ. ಇಷ್ಟು ಅಡಿಗಿಂತ ಕೆಳಗೆ ಹಿಂದಿರುಗುವ ಮಾತೇ ಇಲ್ಲ.’

ಕೊಲ್ಲುವುದು ಆ ಹಿಂದಿರುಗುವ ಆಸೆಯೇ. ಇಂಜಿನ್ ನಿಂತದ್ದು ಅರಿವಾಗಲು ಮೂರು ನಾಲ್ಕು ಸೆಕೆಂಡ್ ಹೋಗುತ್ತದೆ. ಅಷ್ಟರಲ್ಲಿ ಏರುವ ಭಂಗಿಯಲ್ಲಿದ್ದ ವಿಮಾನದ ವೇಗ ಇಳಿದಿರುತ್ತದೆ. ಹಿಂದಿರುಗಲು 180 ಡಿಗ್ರಿ ಸಾಲದು, ಮತ್ತೆ ರನ್‌ವೇಯ ಗೆರೆಗೆ ಬರಲು ಇನ್ನೂ ತಿರುಗಿ, ಮರಳಿ ನೇರವಾಗಬೇಕು. ಕೊನೆಗೆ ಗಾಳಿ ಬೆನ್ನಿಗಿರುತ್ತದೆ. ನೆಲ ಹತ್ತಿರವಾಗುತ್ತಿದ್ದಂತೆ ಕೈ ತಾನಾಗಿ ಸ್ಟೀರಿಂಗ್ ಎಳೆಯುತ್ತದೆ, ವಿಮಾನ ಸ್ಟಾಲ್ ಆಗಿ ಮಗುಚುತ್ತದೆ. ಎದುರಿನ ರಾಗಿ ಹೊಲಕ್ಕೆ ರೆಕ್ಕೆ ಸಮನಾಗಿಟ್ಟು, ವೇಗ ತಗ್ಗಿಸಿ ಇಳಿದರೆ ವಿಮಾನ ನುಗ್ಗಾಗಬಹುದು, ಒಳಗಿನವರು ನಡೆದು ಹೊರಬರುವ ಸಾಧ್ಯತೆ ಬಲವಾಗಿರುತ್ತದೆ.

ಎತ್ತರದಲ್ಲಿ ನಿಂತರೆ ಸಮಯವಿದೆ. 172ಎಸ್ ತೇಲಿ ಇಳಿಯುವ ವೇಗ 68 ನಾಟ್, ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ದೂರ ಸಿಗುತ್ತದೆ. ಮೊದಲು ಆ ವೇಗ ಹಿಡಿಯಿರಿ, ಎರಡನೆಯದು ಗಾಳಿಗೆದುರಾಗಿ ಇಳಿಯಬಹುದಾದ ಬಯಲು. ಆಮೇಲೆ ಕವಾಟ ಎರಡೂ ಟ್ಯಾಂಕಿಗೆ, ಸಹಾಯಕ ಪಂಪ್ ಆನ್, ಮಿಕ್ಸ್ಚರ್ ಪೂರ್ತಿ ರಿಚ್, ಮ್ಯಾಗ್ನೆಟೋ ಎರಡರ ಮೇಲೂ ಇದೆಯೇ ನೋಡಿ. ಹಚ್ಚಿಕೊಳ್ಳದಿದ್ದರೆ ಮಾತನಾಡುತ್ತಿದ್ದ ತರಂಗದಲ್ಲೇ ಅಥವಾ ತುರ್ತು ತರಂಗ 121.5ರಲ್ಲಿ ಮೂರು ಬಾರಿ ಮೇಡೇ ಎಂಬ ಅಪಾಯದ ಕರೆ, ರಾಡಾರಿಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರಿನಲ್ಲಿ ತುರ್ತು ಸಂಖ್ಯೆ 7700. ಇಳಿಯುವುದು ಖಚಿತವಾದ ಮೇಲೆ ಮಿಕ್ಸ್ಚರ್, ಇಂಧನ, ಮ್ಯಾಗ್ನೆಟೋ ಆರಿಸಿ. ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದಂಚಿನಲ್ಲಿ ಇಳಿಸುವ ಹಲಗೆ) ಪೂರ್ತಿ ಇಳಿಸಿದ ಬಳಿಕವೇ ಮಾಸ್ಟರ್ ಸ್ವಿಚ್, ಏಕೆಂದರೆ ಫ್ಲ್ಯಾಪ್‌ಗೆ ವಿದ್ಯುತ್ ಬೇಕು. ಕೊನೆಗೆ ಬಾಗಿಲ ಚಿಲಕ ಬಿಚ್ಚಿಡಿ, ಚೌಕಟ್ಟು ನುಗ್ಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ.

ದಾರಿಯಲ್ಲಿ: ಕವಾಟ ಮತ್ತು ಮಂಜು

ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತೀರಿಕೊಂಡದ್ದು ಮನೆಯಲ್ಲಿ ಕಟ್ಟಿದ ಲಾಂಗ್-ಈಝಡ್ ವಿಮಾನದಲ್ಲಿ. ಮೂಲ ನಕ್ಷೆಯಲ್ಲಿ ಪೈಲಟ್ ಮುಂದೆ ಇದ್ದ ಇಂಧನ ಕವಾಟದ ಹಿಡಿಯನ್ನು ಕಟ್ಟಿದವರು ಎಡಭುಜದ ಹಿಂದೆ ಇಟ್ಟಿದ್ದರು. ಅದರ ಮೇಲೆ ಗುರುತುಗಳಿರಲಿಲ್ಲ. ಹೊರಡುವ ಮುಂಚೆ ಹಿಡಿ ಕೈಗೆಟುಕುವುದಿಲ್ಲವೆಂಬ ಚರ್ಚೆಯೂ ನಡೆದಿತ್ತು, ಇಂಧನ ತುಂಬಿಸುವುದು ಬೇಡವೆಂದೂ ಆಗಿತ್ತು. ಹಾರಾಟದಲ್ಲಿ ಮೈ ತಿರುಚಿ ಹಿಡಿಯತ್ತ ಕೈ ಚಾಚಿದಾಗ ಕಾಲು, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರಿನ ಬಲ ಪೆಡಲನ್ನು ಒತ್ತಿ ವಿಮಾನ ಕೈತಪ್ಪಿತು ಎಂಬುದು ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ತೀರ್ಮಾನ. ಹೊಸ ವಿಮಾನ ಹತ್ತಿದಾಗಲೆಲ್ಲ ನೆಲದ ಮೇಲೆ ನಿಂತಿರುವಾಗಲೇ ಕಣ್ಣು ಮುಚ್ಚಿ ಕವಾಟ ಮುಟ್ಟಿ, ತಿರುಗಿಸಿ ನೋಡಿ. ಎರಡೂ ಟ್ಯಾಂಕಿನಿಂದ ಒಟ್ಟಿಗೆ ಎಳೆಯದ ಪೈಪರ್‌ನಂಥ ವಿಮಾನಗಳಲ್ಲಿ ಅರ್ಧ ಗಂಟೆಗೊಮ್ಮೆ ಗಡಿಯಾರ ನೋಡಿ ಟ್ಯಾಂಕ್ ಬದಲಿಸಿ. ಕೆಳಮಟ್ಟದಲ್ಲಿ, ಇಳಿಯುವ ಹೊತ್ತಿಗೆ ಬದಲಿಸಬೇಡಿ.

172ಎಸ್‌ಗೆ ಇಂಧನವನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇಲ್ಲ. ಹಳೆಯ 172, 152ಗಳಿಗಿದೆ, ಅವುಗಳಿಗೆ ಮಂಜುಗಡ್ಡೆಯ ಕಾಟವಿದೆ. ಕಾರ್ಬ್ಯುರೇಟರಿನೊಳಗೆ ಇಂಧನ ಆವಿಯಾಗುವಾಗ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಹೊರಗೆ 22 ಡಿಗ್ರಿಯ ತೇವದ ಗಾಳಿಯಿದ್ದರೂ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಬೆಂಗಳೂರಿನ ಆಷಾಢದ ಗಾಳಿ, ಮಲೆನಾಡಿನ ಮಳೆಗಾಲ ಅದಕ್ಕೆ ಹೇಳಿಮಾಡಿಸಿದ್ದು. ‘ನಮ್ಮದು ಬಿಸಿಲ ನಾಡು, ಮಂಜೆಲ್ಲಿ’ ಎಂಬ ಮಾತು ಇಲ್ಲಿ ಅಪಾಯಕಾರಿ. ಥ್ರಾಟಲ್ ತಗ್ಗಿಸಿ ಇಳಿಯುವಾಗ ಅಪಾಯ ಹೆಚ್ಚು.

ಮುಟ್ಟದೆ ಇಂಜಿನ್ ಸುತ್ತು ಮೆಲ್ಲಮೆಲ್ಲನೆ ಇಳಿಯುವುದು ಮೊದಲ ಸೂಚನೆ. ಕೂಡಲೇ ಕಾರ್ಬ್ಯುರೇಟರಿಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ. ಸುತ್ತು ಇನ್ನಷ್ಟು ಇಳಿಯುತ್ತದೆ, ಕರಗಿದ ನೀರು ಒಳಹೋಗಿ ಇಂಜಿನ್ ಕೆಮ್ಮುತ್ತದೆ, ನಡುಗುತ್ತದೆ. ಹೆದರಿ ಗುಂಡಿಯನ್ನು ಒಳಗೆ ತಳ್ಳುವುದು ಇಲ್ಲೇ. ತಳ್ಳಬೇಡಿ. ಆ ಕೆಮ್ಮು ಔಷಧ ಕೆಲಸ ಮಾಡುತ್ತಿರುವ ಗುರುತು. ಸ್ವಲ್ಪ ಹೊತ್ತಿನಲ್ಲಿ ಸುತ್ತು ಮರಳಿ ಏರುತ್ತದೆ. ಪೂರ್ತಿ ನಿಂತುಹೋದ ಮೇಲೆ ಎಳೆದು ಫಲವಿಲ್ಲ, ಬಿಸಿ ಕೊಡುವುದು ಓಡುವ ಇಂಜಿನ್ನಿನ ಹೊಗೆಕೊಳವೆಯೇ.

ಮೋಡದೊಳಗೆ

ಉಪಕರಣ ನೋಡಿ ಹಾರುವ ತರಬೇತಿ ಇಲ್ಲದವರು ಮೋಡಕ್ಕೆ ಹೊಕ್ಕುವ ಅಪಘಾತಗಳ ಸಂಖ್ಯೆ ದೊಡ್ಡದಲ್ಲ, ಆದರೆ ಅವುಗಳಲ್ಲಿ ಬದುಕಿ ಬರುವವರು ಅಪರೂಪ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಅಂಥ 20 ಮಂದಿಯನ್ನು ಕೃತಕವಾಗಿ ಹೊರನೋಟ ಮುಚ್ಚಿ ಪರೀಕ್ಷಿಸಿತು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡ್.

ಮೂರು ನಿಮಿಷದೊಳಗೆ ಏನಾಗುತ್ತದೆ? ಒಳಗಿವಿಯ ದ್ರವ ನಿಧಾನವಾದ ವಾಲಿಕೆಯನ್ನು ಗುರುತಿಸುವುದಿಲ್ಲ. ವಿಮಾನ ವಾಲಿ ತಿರುಗುತ್ತಿದ್ದರೂ ಮೈ ‘ನೇರವಾಗಿದೆ’ ಎನ್ನುತ್ತದೆ. ವಾಲಿದ ವಿಮಾನ ಎತ್ತರ ಕಳೆದುಕೊಳ್ಳುತ್ತದೆ, ಪೈಲಟ್ ಸ್ಟೀರಿಂಗ್ ಎಳೆಯುತ್ತಾನೆ, ತಿರುವು ಬಿಗಿಯಾಗುತ್ತದೆ, ವೇಗ ಏರುತ್ತದೆ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನೆಡಿ ಜೂನಿಯರ್ ಹಾರಿಸುತ್ತಿದ್ದ ಪೈಪರ್ ಸಾರಟೋಗಾ ಹೀಗೆಯೇ ಸಮುದ್ರಕ್ಕೆ ಬಿತ್ತು. ಅಂದು ಮೋಡಕ್ಕೆ ಹೊಕ್ಕಿರಲೂ ಬೇಕಿರಲಿಲ್ಲ. ಕತ್ತಲು, ಮಬ್ಬು, ಕೆಳಗೆ ದೀಪವಿಲ್ಲದ ನೀರು, ಇಷ್ಟಕ್ಕೇ ದಿಗಂತ ಅಳಿಸಿತ್ತು. ತರಬೇತುದಾರರೊಬ್ಬರು ಜತೆಗೆ ಬರುತ್ತೇನೆಂದಿದ್ದರೂ ಕೆನೆಡಿ ಬೇಡವೆಂದಿದ್ದರು. ಪಶ್ಚಿಮ ಘಟ್ಟ ದಾಟುವವರಿಗೆ ಇದರ ಜೊತೆ ಇನ್ನೊಂದು ಕಷ್ಟವಿದೆ: ಮೋಡದ ತಳ ಇಳಿಯುತ್ತದೆ, ಕೆಳಗಿನ ನೆಲ ಏರುತ್ತದೆ, ಎರಡರ ನಡುವಿನ ಸಂದು ಕಣಿವೆಯ ಕೊನೆಯಲ್ಲಿ ಮುಚ್ಚಿಹೋಗುತ್ತದೆ.

ತಿರುಗಬೇಕಾದದ್ದು ಮೋಡ ಮುಟ್ಟುವ ಮೊದಲೇ, ದಿಗಂತ ಮಸುಕಾದ ಕೂಡಲೇ. ಅಕಸ್ಮಾತ್ ಹೊಕ್ಕರೆ: ಕಿಟಕಿಯಿಂದ ಕಣ್ಣು ತೆಗೆಯಿರಿ. ಕೃತಕ ದಿಗಂತದ ಮೇಲೆ ರೆಕ್ಕೆ ಸಮ ಮಾಡಿ ನಾಲ್ಕೈದು ಸೆಕೆಂಡ್ ಉಸಿರು ಬಿಡಿ. ದಿಕ್ಸೂಚಿಯ ಅಂಕಿ ನೋಡಿ, ಅದರ ವಿರುದ್ಧ ದಿಕ್ಕನ್ನು ಬಾಯಲ್ಲಿ ಹೇಳಿ. 15 ಡಿಗ್ರಿ ಮೀರದಂತೆ ವಾಲಿಸಿ ತಿರುಗಿ, ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಎತ್ತರ ಕಾಯ್ದುಕೊಳ್ಳಿ, ಥ್ರಾಟಲ್ ಮುಟ್ಟಬೇಡಿ. ತಲೆ ಬಗ್ಗಿಸಿ ನಕ್ಷೆ ಹುಡುಕಬೇಡಿ, ತಲೆಯ ಚಲನೆಯೇ ತಲೆಸುತ್ತು ತರುತ್ತದೆ. ಮೈ ಏನೇ ಹೇಳಲಿ, ಮುಳ್ಳನ್ನು ನಂಬಿ. ನಿಯಂತ್ರಣ ಕೊಠಡಿಗೆ ‘ಮೋಡದೊಳಗಿದ್ದೇನೆ, ಸಹಾಯ ಬೇಕು’ ಎನ್ನಲು ನಾಚಬೇಡಿ.

ಕೊನೆಯ ತಿರುವು

172ಎಸ್ ಫ್ಲ್ಯಾಪ್ ಇಳಿಸದೆ ನೇರವಾಗಿ ಹಾರುವಾಗ ಸ್ಟಾಲ್ ಆಗುವುದು 48 ನಾಟ್‌ನಲ್ಲಿ. ಎತ್ತರ ಕಳೆಯದೆ 30 ಡಿಗ್ರಿ ವಾಲಿದರೆ ಅದು 52, 45 ಡಿಗ್ರಿಗೆ 57, 60 ಡಿಗ್ರಿಗೆ 68. ಇಳಿಯುವ ವೇಗವೇ 65ರ ಆಸುಪಾಸಿನಲ್ಲಿರುವಾಗ ಈ ಅಂಕಿಗಳು ಎಷ್ಟು ಹತ್ತಿರ ಬಂದಿವೆ ನೋಡಿ.

ಅಪಘಾತ ನಡೆಯುವ ರೀತಿ ಬಹುತೇಕ ಒಂದೇ. ರನ್‌ವೇಗೆ ಅಡ್ಡವಾಗಿ ಬರುವಾಗ ಗಾಳಿ ಬೆನ್ನಿಗಿದ್ದು ವಿಮಾನವನ್ನು ಬೇಗ ದೂಡುತ್ತದೆ. ಎಡಕ್ಕೆ ತಿರುಗುವಷ್ಟರಲ್ಲಿ ರನ್‌ವೇಯ ಗೆರೆ ದಾಟಿಹೋಗಿರುತ್ತದೆ. ಇಷ್ಟು ಕೆಳಗೆ ಹೆಚ್ಚು ವಾಲಲು ಹೆದರಿಕೆ, ಹಾಗಾಗಿ ಎಡ ರಡ್ಡರ್ ಒತ್ತಿ ಮೂಗನ್ನು ತಿರುಗಿಸುವ ಯತ್ನ. ಹೊರರೆಕ್ಕೆ ವೇಗ ಪಡೆದು ಮೇಲೇಳುತ್ತದೆ, ವಾಲಿಕೆ ತಡೆಯಲು ಸ್ಟೀರಿಂಗ್ ಬಲಕ್ಕೆ. ಅದರಿಂದ ಎಡ ಏಲೆರಾನ್ ಕೆಳಗಿಳಿದು, ಮೊದಲೇ ನಿಧಾನವಾಗಿದ್ದ ಎಡರೆಕ್ಕೆಯ ಗಾಳಿಕೋನ ಇನ್ನೂ ಹೆಚ್ಚುತ್ತದೆ. ಮೂಗು ಇಳಿಯುತ್ತಿದೆಯೆಂದು ಸ್ಟೀರಿಂಗ್ ಹಿಂದಕ್ಕೆ. ಎಡರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಎಡಕ್ಕೆ ಮಗುಚಿ ಸ್ಪಿನ್‌ಗೆ ಬೀಳುತ್ತದೆ, ಅಂದರೆ ಗಿರಗಿರನೆ ಸುತ್ತುತ್ತ ಕೆಳಗಿಳಿಯುತ್ತದೆ. 172ರಲ್ಲಿ ಒಂದು ಸುತ್ತಿನ ಸ್ಪಿನ್ನಿನಿಂದ ಹೊರಬರಲು ಸುಮಾರು 1,000 ಅಡಿ ಬೇಕು. ಇರುವುದು 500.

ಇದಕ್ಕೆ ಮದ್ದು ಒಂದೇ ನಿಯಮ. ಸುತ್ತುಹಾದಿಯಲ್ಲಿ 30 ಡಿಗ್ರಿಗಿಂತ ಹೆಚ್ಚು ವಾಲುವುದಿಲ್ಲ, ಗೆರೆ ತಪ್ಪಿದರೆ ಮೇಲೇರಿ ಇನ್ನೊಂದು ಸುತ್ತು ಬರುತ್ತೇನೆ. ವಿಮಾನ ಬದಿಗೆ ಜಾರುತ್ತಿದೆಯೇ ಎಂದು ತೋರಿಸುವ ಮಾಪಕದ ಚೆಂಡು ನಡುವಿನಲ್ಲಿದ್ದರೆ ಸ್ಟಾಲ್ ಆದರೂ ಮೂಗು ನೇರ ಇಳಿಯುತ್ತದೆ. ಅದನ್ನು ನಡುವಿಗೆ ತರುವುದು ಕಾಲಿನ ಕೆಲಸ.

ಕೆಳಮಟ್ಟದ ಕಸರತ್ತುಗಳ ಅಪಘಾತವೂ ಇದೇ ಜಾತಿಯದು. 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ಮತ್ತು ಜತೆಗಿದ್ದ ತರಬೇತುದಾರರು ಪಿಟ್ಸ್ ವಿಮಾನದಲ್ಲಿ ಕಸರತ್ತು ಮಾಡುವಾಗ ಸತ್ತರು. ಪಿಟ್ಸ್ ಕಸರತ್ತಿಗೆಂದೇ ಕಟ್ಟಿದ ಗಟ್ಟಿ ವಿಮಾನ. ತಪ್ಪನ್ನು ತಿದ್ದಿಕೊಳ್ಳಲು ಬೇಕಾದ ಎತ್ತರವನ್ನು ಯಾವ ಗಟ್ಟಿತನವೂ ತಂದುಕೊಡುವುದಿಲ್ಲ.

ನೆಲ ಮುಟ್ಟುವಾಗ

ಸಾವುಗಳ ಲೆಕ್ಕ ಬಿಟ್ಟು ಬರೀ ಅಪಘಾತಗಳನ್ನು ಎಣಿಸಿದರೆ ಇಳಿಯುವ ಹೊತ್ತೇ ಮುಂದೆ. ಪುಟಿಯುವುದು, ರನ್‌ವೇ ಮೀರಿ ಓಡುವುದು, ಅಡ್ಡಗಾಳಿಗೆ ಬದಿಗೆ ಹೋಗಿ ರೆಕ್ಕೆ ತಾಗುವುದು.

ವೇಗ ಶೇ. 10 ಹೆಚ್ಚಿದ್ದರೆ ನಿಲ್ಲಿಸಬೇಕಾದ ಶಕ್ತಿ ಶೇ. 21 ಹೆಚ್ಚು. ‘ಇರಲಿ’ ಎಂದು ಸೇರಿಸಿಕೊಂಡ ಐದಾರು ನಾಟ್ ರನ್‌ವೇಯ ಆ ತುದಿಯಲ್ಲಿ ಲೆಕ್ಕ ಕೇಳುತ್ತದೆ. ಬೆನ್ನುಗಾಳಿಗೆ ಪ್ರತಿ 2 ನಾಟ್‌ಗೆ ಶೇ. 10ರಷ್ಟು ದೂರ ಕೂಡಿಸಿ ಎನ್ನುತ್ತದೆ ಕೈಪಿಡಿ.

ಅಡ್ಡಗಾಳಿಯ ಪಾಲು ಬಾಯಿಲೆಕ್ಕದಲ್ಲೇ ಸಿಗುತ್ತದೆ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾದರೆ ಅದರ ಅರ್ಧ, 45ಕ್ಕೆ ಹತ್ತರಲ್ಲಿ ಏಳು, 60ಕ್ಕೆ ಹತ್ತರಲ್ಲಿ ಒಂಬತ್ತು ಪಾಲು. 172ಎಸ್‌ನಲ್ಲಿ ಪರೀಕ್ಷಿಸಿ ತೋರಿಸಿರುವುದು 15 ನಾಟ್. ಹೊಸಬರು ಅದರ ಅರ್ಧಕ್ಕೇ ಗೆರೆ ಹಾಕಿಕೊಳ್ಳಲಿ. ಚಕ್ರ ಮುಟ್ಟಿದೊಡನೆ ಕೆಲಸ ಮುಗಿಯಿತೆಂದು ಸ್ಟೀರಿಂಗ್ ಸಡಿಲಬಿಡಬೇಡಿ, ವೇಗ ಇಳಿದಷ್ಟೂ ಗಾಳಿ ಬರುವ ಕಡೆಗೆ ಹೆಚ್ಚು ತಿರುಗಿಸಿ ಹಿಡಿಯಿರಿ.

ಪುಟಿದರೆ ಮೂಗನ್ನು ಕೆಳಗೊತ್ತಬೇಡಿ. ಒತ್ತಿದರೆ ಮುಂಚಕ್ರ ಮೊದಲು ಬಡಿದು ಇನ್ನೂ ಎತ್ತರ ಪುಟಿಯುತ್ತದೆ, ಎರಡನೆಯದೋ ಮೂರನೆಯದೋ ಬಡಿತಕ್ಕೆ ಮುಂಗಾಲು ಮುರಿದು ಪ್ರೊಪೆಲರ್ ನೆಲ ಕಚ್ಚುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟು ಮತ್ತೆ ಏರಿ. 500 ಅಡಿಗೆ ಬರುವಷ್ಟರಲ್ಲಿ ವೇಗ, ಗೆರೆ, ಇಳಿಯುವ ದರ ಮೂರೂ ಸ್ಥಿರವಾಗಿಲ್ಲದಿದ್ದರೂ ಹೀಗೆಯೇ.

ಮರಳಿ ಏರುವುದಕ್ಕೂ ಕ್ರಮವಿದೆ: ಪೂರ್ತಿ ಥ್ರಾಟಲ್, ಕಾರ್ಬ್ ಹೀಟ್ ಇದ್ದರೆ ಒಳಗೆ, ಫ್ಲ್ಯಾಪ್ ಕೂಡಲೇ 20 ಡಿಗ್ರಿಗೆ, ಮಿಕ್ಕದ್ದು ವೇಗ ಬಂದ ಮೇಲೆ ಹಂತಹಂತವಾಗಿ. ಇಳಿಯಲು ಟ್ರಿಮ್ (ಕೈಬಲವಿಲ್ಲದೆ ಮೂಗನ್ನು ಒಂದೇ ಭಂಗಿಯಲ್ಲಿ ಹಿಡಿಯುವ ಸಲಕರಣೆ) ಮೂಗು ಮೇಲಕ್ಕೆ ಇಟ್ಟಿರುತ್ತೀರಿ, ಥ್ರಾಟಲ್ ಕೊಟ್ಟೊಡನೆ ಮೂಗು ಜೋರಾಗಿ ಎದ್ದುಬಿಡುತ್ತದೆ. ಒಂದು ಕೈಯಿಂದ ಬಲವಾಗಿ ಮುಂದೊತ್ತಿ ಹಿಡಿದು, ಇನ್ನೊಂದರಿಂದ ಟ್ರಿಮ್ ಚಕ್ರ ತಿರುಗಿಸಿ. ಫ್ಲ್ಯಾಪನ್ನು ಒಮ್ಮೆಲೇ ಪೂರ್ತಿ ಎತ್ತಿದರೆ ರೆಕ್ಕೆಯ ಬಲ ಕುಸಿದು ವಿಮಾನ ಕುಳಿತುಬಿಡುತ್ತದೆ. ಇದನ್ನು ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಿ, ಬೇಕಾದ ದಿನ ಕೈಗೆ ಬರಬೇಕು.

ಇಂಜಿನ್ ಆರಿಸಿದ ಮೇಲೆ

ಇಂಜಿನನ್ನು ಮಿಕ್ಸ್ಚರ್ ಎಳೆದು ಆರಿಸಿ, ಕೀ ತೆಗೆದು ಮೇಲಿಡಿ. ಪ್ರೊಪೆಲರ್ ನಿಲ್ಲುವ ತನಕ ಯಾರೂ ಬಾಗಿಲು ತೆರೆಯಬಾರದು, ಮಕ್ಕಳಿದ್ದರೆ ಕೈ ಹಿಡಿದೇ ಇಳಿಸಿ. ರೆಕ್ಕೆ, ಬಾಲ ಕಟ್ಟಿ, ಸ್ಟೀರಿಂಗಿಗೆ ಪಿನ್ ಹಾಕಿ. ನಾಳೆಯ ತೂಕಕ್ಕೆ ಅಡ್ಡಿಯಿಲ್ಲದಿದ್ದರೆ ಟ್ಯಾಂಕ್ ಈಗಲೇ ತುಂಬಿಸಿ, ರಾತ್ರಿ ತೇವ ಕಟ್ಟಲು ಜಾಗ ಸಿಗದು. ಕೊನೆಯದಾಗಿ ದಾಖಲೆ ಪುಸ್ತಕ ತೆಗೆದು, ಬ್ರೇಕು ಎಳೆದದ್ದು, ಬಲ ಮ್ಯಾಗ್ನೆಟೋದಲ್ಲಿ 120 ಸುತ್ತು ಇಳಿದದ್ದು, ಎಡ ಟ್ಯಾಂಕಿನ ಲೋಟದಲ್ಲಿ ನೀರು ಕಂಡದ್ದು ಎಲ್ಲವನ್ನೂ ದಿನಾಂಕ, ಅಂಕಿ ಸಮೇತ ಬರೆಯಿರಿ. ‘ಸರಿಯಿದೆ’ ಎಂಬ ಒಂದೇ ಪದ ಬರೆದು ಸಹಿ ಹಾಕಿದರೆ, ನಾಳೆ ಬೆಳಿಗ್ಗೆ ಅದೇ ವಿಮಾನ ಹತ್ತುವವರಿಗೆ ಇದಾವುದೂ ಗೊತ್ತಿರುವುದಿಲ್ಲ.